ತಿಗಣೆ ಸೀಸನ್ನಿನಲ್ಲಿ ಟೈಲ್ಸ್ ಕಂಟೇನರ್ ಬಿಡಿಸಿಕೊಂಡಿದ್ದು: ಇಬ್ಬರು ಬ್ರೋಕರ್, ಎರಡು ಅನುಭವ

ಮೆಲ್ಬರ್ನಿನಲ್ಲಿ ನನ್ನದೊಂದು ಸಣ್ಣ ಟೈಲ್ಸ್ ಅಂಗಡಿ. ವರ್ಷಕ್ಕೆ ನಾಲ್ಕೈದು ಕಂಟೇನರ್ ಮಾಲು ಇಟಲಿಯ ಸಸ್ಸುವೊಲೊದಿಂದ ಬರುತ್ತದೆ. ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರವರೆಗೆ ಅಲ್ಲಿ ಹಡಗು ಹತ್ತುವ ನನ್ನ ಪ್ರತಿ ಕಂಟೇನರಿಗೂ ಇಲ್ಲಿ ಕಂದು ತಿಗಣೆಯ ನಿಯಮ ಅನ್ವಯಿಸುತ್ತದೆ. ಇದು ಹಾಸಿಗೆಯ ತಿಗಣೆಯಲ್ಲ, ಹಣ್ಣು ಚುಚ್ಚಿ ರಸ ಹೀರುವ ನಾರುವ ಹುಳ, ಇಂಗ್ಲಿಷಿನಲ್ಲಿ ಬ್ರೌನ್ ಮಾರ್ಮೊರೇಟೆಡ್ ಸ್ಟಿಂಕ್ ಬಗ್ (ಬಿಎಂಎಸ್‌ಬಿ). ಬಂದರಿನವರ ಬಾಯಲ್ಲಿ ಈ ತಿಂಗಳುಗಳು ‘ಬಿಎಂಎಸ್‌ಬಿ ಸೀಸನ್’. ನಾನು ಈಗ ಎರಡನೇ ವರ್ಷಕ್ಕೆ ಬಳಸುತ್ತಿರುವ ಕಸ್ಟಮ್ಸ್ ಬ್ರೋಕರ್ (ಕಾಗದಪತ್ರ ನೋಡಿ ಬಂದರಿನಿಂದ ಮಾಲು ಬಿಡಿಸಿಕೊಡುವವರು) ಮತ್ತು ಅವರು ಮಾಲು ಕಳಿಸುವ ಟ್ರೀಟ್‌ಮೆಂಟ್ ಯಾರ್ಡಿನ, ಅಂದರೆ ಗ್ಯಾಸ್ ಅಥವಾ ಬಿಸಿಯಿಂದ ಮಾಲಿನೊಳಗಿನ ಹುಳ ಕೊಲ್ಲುವ ಜಾಗದ, ಬಗ್ಗೆ ಬರೆಯುತ್ತಿದ್ದೇನೆ. ಇದೇ ವ್ಯಾಪಾರದಲ್ಲಿರುವ ಹೊಸಬರಿಗೆ ನನಗಾದ ನಷ್ಟ ಆಗಬಾರದು.

ಮೊದಲು ಹಳೆಯ ಬ್ರೋಕರ್ ಕಥೆ. ಹೆಸರು ಬೇಡ. ಆ ವರ್ಷ ಸರಬರಾಜುದಾರರು ಇಟಲಿಯಲ್ಲೇ ಟ್ರೀಟ್‌ಮೆಂಟ್ ಮಾಡಿಸಿ ಸರ್ಟಿಫಿಕೇಟ್ ಕಳಿಸಿದ್ದರು. ಗ್ಯಾಸಿನ ಪ್ರಮಾಣ ಸರಿ, ಸಮಯ ಸರಿ, ಮಾಡಿದ ಕಂಪನಿಯೂ ಆಸ್ಟ್ರೇಲಿಯಾ ಒಪ್ಪಿದ ಪಟ್ಟಿಯಲ್ಲಿತ್ತು. ಆದರೆ ಟ್ರೀಟ್‌ಮೆಂಟ್ ಮುಗಿದದ್ದು ಅಕ್ಟೋಬರ್ 6ಕ್ಕೆ, ಕಂಟೇನರಿಗೆ ಸೀಲ್ ಬಿದ್ದದ್ದು 14ಕ್ಕೆ. ನಡುವಿನ ಎಂಟು ದಿನ ಪ್ಯಾಲೆಟ್‌ಗಳು (ಮರದ ಅಡಿಹಲಗೆಯ ಮೇಲೆ ಪೇರಿಸಿದ ಟೈಲ್ಸ್ ಪೆಟ್ಟಿಗೆಗಳು) ಗೋದಾಮಿನ ಅಂಗಳದಲ್ಲಿ ಕೂತಿದ್ದವು. ಡಿಸೆಂಬರ್ 1ಕ್ಕೆ ಮುಂಚೆ ಟ್ರೀಟ್‌ಮೆಂಟ್ ಆದ ಮಾಲು 120 ಗಂಟೆಯೊಳಗೆ ಕಂಟೇನರಿನಲ್ಲಿ ಭದ್ರವಾಗಬೇಕು. ಇಲ್ಲದಿದ್ದರೆ ಆ ಸರ್ಟಿಫಿಕೇಟಿಗೆ ಬೆಲೆಯಿಲ್ಲ. ಬ್ರೋಕರ್ ದಿನಾಂಕಗಳನ್ನು ಹೋಲಿಸಿ ನೋಡಲೇ ಇಲ್ಲ. ನನಗೆ ಗೊತ್ತಾಗಿದ್ದು ಹಡಗು ಬಂದು ಕಂಟೇನರ್ ಹೋಲ್ಡ್ ಆದ ಮೇಲೆ. ಇಲ್ಲಿ ಮತ್ತೆ ಟ್ರೀಟ್‌ಮೆಂಟ್ ಮಾಡಿಸಬೇಕಾಯಿತು, ಸರದಿಗೆ ಹನ್ನೊಂದು ದಿನ ಕಾದೆ. ಟ್ರೀಟ್‌ಮೆಂಟಿನ ಬಿಲ್ಲಿಗಿಂತ ಕಂಟೇನರ್ ಡಿಟೆನ್ಷನ್ ಬಿಲ್ಲೇ (ಕಂಟೇನರ್ ತಡವಾಗಿ ಹಿಂದಿರುಗಿಸಿದ್ದಕ್ಕೆ ಹಡಗು ಕಂಪನಿ ಹಾಕುವ ಶುಲ್ಕ) ದೊಡ್ಡದಾಯಿತು. ಅಡುಗೆಮನೆ ಒಡೆದು ಟೈಲ್ಸಿಗಾಗಿ ಕಾಯುತ್ತಿದ್ದ ಒಂದು ಮನೆಯವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಆಗ ಕೋಪ ಬಂದಿತ್ತು. ನಿಯಮದ ಹಿಂದಿನ ಕಾರಣವನ್ನು ಹೊಸ ಬ್ರೋಕರ್ ಹೇಳಿದ ಮೇಲೆ ಆ ಕೋಪ ಉಳಿಯಲಿಲ್ಲ. ಉತ್ತರ ಗೋಳಾರ್ಧದಲ್ಲಿ ಚಳಿ ಶುರುವಾಗುತ್ತಿದ್ದಂತೆ ಈ ತಿಗಣೆ ಬೆಚ್ಚಗಿನ ಸಂದು ಹುಡುಕುತ್ತದೆ. ಗೋಡೆ, ಇಂಜಿನ್, ಪೆಟ್ಟಿಗೆ, ಟೈಲ್ಸ್ ಪ್ಯಾಲೆಟ್ಟಿನ ಅಡಿ, ಯಾವುದಾದರೂ ಸರಿ. ಹೊಕ್ಕು ಗುಂಪಾಗಿ ಮಲಗಿಬಿಡುತ್ತದೆ. ಈ ಹುಡುಕಾಟ ಜೋರಾಗಿರುವುದೇ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಹಾಗಾಗಿ ಸೋಮವಾರ ಶುದ್ಧವಾದ ಪ್ಯಾಲೆಟ್ಟಿಗೆ ಮುಂದಿನ ವಾರ ಹೊಸ ಹುಳ ಸೇರಿರಬಹುದು. ನಿದ್ದೆಯಲ್ಲೇ ಸಮುದ್ರ ದಾಟಿ ಇಲ್ಲಿನ ಬೇಸಿಗೆಯಲ್ಲಿ ಎಚ್ಚರವಾದರೆ ಎದುರಿಗೆ ಹಣ್ಣಿನ ತೋಟ. ಮೂಲತಃ ಇದು ಚೀನಾ, ಕೊರಿಯಾ, ಜಪಾನ್ ಕಡೆಯದು. 1990ರ ದಶಕದ ಕೊನೆಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿತು, 2012ರಲ್ಲಿ ಇಟಲಿಯ ಮೊಡೆನಾ ಪ್ರಾಂತ್ಯದಲ್ಲಿ. ಸಸ್ಸುವೊಲೊ ಇರುವುದು ಅದೇ ಪ್ರಾಂತ್ಯದಲ್ಲಿ. ಅಂದರೆ ನನ್ನ ಟೈಲ್ಸ್ ಹೊರಡುವುದೇ ಹುಳದ ಊರಿಂದ.

ಹೊಸ ಬ್ರೋಕರ್ ಒಬ್ಬ ಮಧ್ಯವಯಸ್ಸಿನ ಹೆಂಗಸು, ಜೊತೆಗೆ ಇಬ್ಬರು ಸಹಾಯಕರು. ಅವರ ಮೊದಲ ಇಮೇಲ್ ಬಂದಿದ್ದು ಜುಲೈನಲ್ಲಿ, ನಾನು ಆರ್ಡರ್ ಕೊಡುವುದಕ್ಕೂ ಮುಂಚೆ. ಪ್ಯಾಲೆಟ್ಟಿನ ನಾಲ್ಕು ಬದಿಯ ಫೋಟೊ ಕೇಳಿದ್ದರು. ಕಳಿಸಿದೆ. ಬುಡದಿಂದ ತಲೆವರೆಗೆ ಪ್ಲಾಸ್ಟಿಕ್ ಬಿಗಿದಿತ್ತು. ‘ಇದರೊಳಗೆ ಗ್ಯಾಸ್ ನುಗ್ಗುವುದಿಲ್ಲ, ಇಲ್ಲಿಗೆ ಬಂದ ಮೇಲೆ ಪ್ಲಾಸ್ಟಿಕ್ ಕುಯ್ಯಲು ಟ್ರೀಟ್‌ಮೆಂಟಿಗೆ ಮೊದಲು ಮಾಲು ಹೊರತೆಗೆಯುವಂತಿಲ್ಲ, ಅಲ್ಲೇ ಸೀಳಿಸಿ ತುಂಬಿಸಿ’ ಅಂದರು. ಪ್ಯಾಲೆಟ್ ಮರದ ಮೇಲೆ ಗೋಧಿ ತೆನೆಯ ಮುದ್ರೆ ಇದೆಯಲ್ಲ ಎಂದು ಕೇಳಿದೆ. ಅದು ಮರದೊಳಗಿನ ಹುಳಕ್ಕೆ ಸಂಬಂಧಿಸಿದ್ದು, ತಿಗಣೆಗೆ ಅದು ಲೆಕ್ಕಕ್ಕಿಲ್ಲ ಎಂದು ತಿಳಿಯಿತು. ಇಷ್ಟು ವರ್ಷ ಆ ಮುದ್ರೆ ಸಾಕು ಅಂದುಕೊಂಡಿದ್ದೆ.

ಬಿಸಿ ಮಾಡಿಸುವುದೋ ಗ್ಯಾಸೋ ಎಂಬುದನ್ನೂ ಅವರೇ ಕೂತು ವಿವರಿಸಿದರು. ಬಿಸಿಯಾದರೆ ಮಾಲಿನ ಅತಿ ತಣ್ಣಗಿನ ಜಾಗ 56 ಡಿಗ್ರಿ ಮುಟ್ಟಿ 30 ನಿಮಿಷ ಅಲ್ಲೇ ನಿಲ್ಲಬೇಕು, 60 ಡಿಗ್ರಿಯಾದರೆ 10 ನಿಮಿಷ ಸಾಕು. ಯಂತ್ರ, ವಾಹನಗಳಿಗೆ ಅದು ಒಪ್ಪುತ್ತದೆ. ಒತ್ತೊತ್ತಾಗಿ ಪೇರಿಸಿದ ಇಪ್ಪತ್ತು ಟನ್ನಿನಷ್ಟು ಟೈಲ್ಸಿನ ನಡುಭಾಗಕ್ಕೆ ಆ ಬಿಸಿ ತಲುಪುವುದು ಯಾವಾಗ? ನಮ್ಮ ಮಾಲಿಗೆ ಮಿಥೈಲ್ ಬ್ರೋಮೈಡ್ ಎಂದು ತೀರ್ಮಾನವಾಯಿತು. ಓಜೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಅದು. ಕ್ವಾರಂಟೈನ್ ಕೆಲಸಕ್ಕೆ ಮಾಂಟ್ರಿಯಲ್ ಒಪ್ಪಂದದಲ್ಲಿ ವಿನಾಯಿತಿ ಇದೆ, ಆದರೂ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ.

ಟ್ರೀಟ್‌ಮೆಂಟಿನ ದಿನ ಯಾರ್ಡಿಗೆ ಹೋಗಿದ್ದೆ. ಬೇಲಿಯ ಹೊರಗೆ ನಿಂತು ನೋಡಲು ಬಿಟ್ಟರು. ಕಂಟೇನರಿಗೆ ದಪ್ಪ ಹೊದಿಕೆ ಹೊದಿಸಿ, ನೆಲಕ್ಕೆ ತಾಗುವ ಅಂಚಿನ ಸುತ್ತ ಉದ್ದನೆಯ ಮರಳಿನ ಚೀಲಗಳನ್ನು ಹಾವಿನಂತೆ ಮಲಗಿಸಿದರು. ಒಬ್ಬ ಹುಡುಗ ಮಂಡಿಯೂರಿ ಆ ಚೀಲಗಳ ನಡುವೆ ಸಂದು ಉಳಿದಿದೆಯೇ ಎಂದು ಅಂಗೈಯಲ್ಲಿ ತಡವುತ್ತಾ ಸುತ್ತು ಬಂದ. ಒಂದು ಮೂಲೆಯಲ್ಲಿ ನಿಂತ, ಚೀಲ ಎತ್ತಿ ಮತ್ತೆ ಇಟ್ಟ, ಮತ್ತೆ ತಡವಿದ. ಘನಮೀಟರಿಗೆ ಕನಿಷ್ಠ 24 ಗ್ರಾಂ ಗ್ಯಾಸ್, ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯಬಾರದು. 12 ಗಂಟೆ ಕಳೆದ ಮೇಲೂ ಒಳಗೆ ಘನಮೀಟರಿಗೆ 12 ಗ್ರಾಂ ಉಳಿದಿರಬೇಕು, ಇಲ್ಲದಿದ್ದರೆ ಟ್ರೀಟ್‌ಮೆಂಟ್ ಫೇಲ್. ಅಷ್ಟೊಂದು ತಡವಿದ್ದು ಅದಕ್ಕೇ. ನನಗೆ ಕೊಟ್ಟ ದಾಖಲೆಯಲ್ಲಿ ಕೊನೆಯ ರೀಡಿಂಗ್ 17 ಇತ್ತು. ಗಾಳಿಗೆ ಬಿಟ್ಟು, ಗ್ಯಾಸ್ 5 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಗೆ ಐದು ಭಾಗ) ಇಳಿದ ಮೇಲಷ್ಟೇ ಮಾಲು ಬಿಟ್ಟುಕೊಟ್ಟರು. ಹಡಗು ಬಂದ ಐದನೇ ದಿನ ಮಾಲು ನನ್ನ ಅಂಗಡಿಯಲ್ಲಿತ್ತು.

ಇಳಿಸುವಾಗ ಮೂರನೇ ಪ್ಯಾಲೆಟ್ಟಿನ ರಟ್ಟಿನ ಮಡಿಕೆಯಲ್ಲಿ ಒಂದು ಸತ್ತ ಹುಳ ಸಿಕ್ಕಿತು. ಉಗುರಿನಷ್ಟಗಲ, ಗುರಾಣಿಯ ಆಕಾರ, ಒಣಗಿದ ಎಲೆಯ ಬಣ್ಣ, ಮೀಸೆಯಲ್ಲಿ ಬಿಳಿ ಪಟ್ಟಿ, ಹೊಟ್ಟೆಯ ಅಂಚಿನಲ್ಲಿ ಒಂದು ಕಪ್ಪು ಒಂದು ಬಿಳಿ. ಫೋಟೊ ಕಳಿಸಿದ ಹತ್ತೇ ನಿಮಿಷಕ್ಕೆ ಬ್ರೋಕರ್ ಫೋನ್ ಮಾಡಿ, ಬಾಗಿಲು ಹಾಕಿ, ಹುಳವನ್ನು ಡಬ್ಬಿಯಲ್ಲಿಡಿ ಎಂದು ಹೇಳಿ ಕೃಷಿ ಇಲಾಖೆಗೆ ತಾವೇ ವರದಿ ಮಾಡಿದರು. ಸತ್ತ ಹುಳವಲ್ಲವೇ ಎಂದು ಗುಡಿಸಿ ಎಸೆಯುತ್ತಿದ್ದವನು ನಾನು.

ದೂರುಗಳೂ ಇವೆ. ಸೀಳಿದ ಪ್ಲಾಸ್ಟಿಕ್ ಸಡಿಲವಾಗಿ ಹನ್ನೆರಡು ಪೆಟ್ಟಿಗೆ ಜಾರಿ ಟೈಲ್ಸ್ ಒಡೆದವು. ಪೆಟ್ಟಿಗೆಗಳ ಸುತ್ತ ಕಟ್ಟುವ ಪಟ್ಟಿ ಹೆಚ್ಚು ಬಿಗಿಸಿ ಎಂದು ಮೊದಲೇ ಹೇಳಬಹುದಿತ್ತು. ಸಂಜೆ ನಾಲ್ಕರ ಮೇಲೆ ಯಾರ್ಡಿನವರು ಫೋನ್ ಎತ್ತುವುದಿಲ್ಲ, ಶುಕ್ರವಾರ ಸಿಕ್ಕಿಬಿದ್ದರೆ ಸೋಮವಾರವೇ ಗತಿ. ಇನ್ನು, ಹತ್ತು ಪೆಟ್ಟಿಗೆ ಸ್ಯಾಂಪಲ್ಲನ್ನು ಹಂಚಿಕೊಂಡ ಕಂಟೇನರಿನಲ್ಲಿ ತರಿಸುವವರು ಒಮ್ಮೆ ಯೋಚಿಸಿ: ಸೀಸನ್ನಿನಲ್ಲಿ ಇಡೀ ಕಂಟೇನರಿಗೆ ಟ್ರೀಟ್‌ಮೆಂಟ್ ಆಗುವವರೆಗೆ ಯಾರ ಮಾಲನ್ನೂ ಬಿಡಿಸುವುದಿಲ್ಲ. ಇದಕ್ಕೆ ಯಾವ ಬ್ರೋಕರೂ ಏನೂ ಮಾಡಲಾರರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಫೆಬ್ರುವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಶೆಪ್ಪಾರ್ಟನ್ ಕಡೆಗೆ ಪಿಯರ್ ಹಣ್ಣಿನ ತೋಟ ನೋಡಲು ಹೋಗುತ್ತೇವೆ. ಈ ದೇಶದ ಪಿಯರ್ ಹಣ್ಣಿನ ದೊಡ್ಡ ಪಾಲು ಆ ಗೋಲ್ಬರ್ನ್ ಕಣಿವೆಯದು. ಹುಳ ಚುಚ್ಚಿದ ಹಣ್ಣಿನ ಸಿಪ್ಪೆಯಡಿ ತಿರುಳು ಬೆಂಡಿನಂತಾಗುತ್ತದಂತೆ. ಕಳೆದ ಸಲ ಆ ಸಾಲುಗಳ ನಡುವೆ ನಿಂತಾಗ ನನ್ನ ಡಬ್ಬಿಯಲ್ಲಿದ್ದ ಹುಳ ನೆನಪಾಗಿ ಮೈ ಜುಮ್ಮೆಂದಿತು.

ಈ ವರ್ಷದ ಮೊದಲ ಕಂಟೇನರ್ ಆಗಸ್ಟ್ 27ರ ಹಡಗಿಗಿತ್ತು. ಹಡಗು ತಡವಾಗಿ, ಇಟಲಿಯ ಲಾ ಸ್ಪೆಝಿಯಾ ಬಂದರಿನಲ್ಲಿ ಸೆಪ್ಟೆಂಬರ್ 2ಕ್ಕೆ ಮಾಲು ಏರಿತು. ಲೆಕ್ಕಕ್ಕೆ ಬರುವುದು ಹಡಗಿಗೆ ಏರಿದ ದಿನ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಬ್ರೋಕರ್ ಯಾರ್ಡಿನಲ್ಲಿ ಜಾಗ ಕಾಯ್ದಿರಿಸಿ, ಪ್ಲಾಸ್ಟಿಕ್ ಸೀಳಿದ ಫೋಟೊಗಳನ್ನು ಫೈಲಿಗೆ ಸೇರಿಸಿಯಾಗಿತ್ತು. ಈ ಸಲ ಪಟ್ಟಿ ನಾಲ್ಕು ಸುತ್ತು ಬಿಗಿದಿದ್ದಾರೆ.