ಅಮೆರಿಕದ ಮಕ್ಕಳಿಗೆ ಸಂಸ್ಕೃತ: ಶ್ಲೋಕವೋ, ಸಂಭಾಷಣೆಯೋ?

ಐದಾರು ವರ್ಷದ ಮಗುವಾದರೆ ಶ್ಲೋಕದಿಂದ ಶುರುಮಾಡಿ. ಲಿಪಿ ಬೇಕಿಲ್ಲ, ಖರ್ಚಿಲ್ಲ, ದಿನಕ್ಕೆ ಹತ್ತು ನಿಮಿಷ ಸಾಕು. ಇಂಗ್ಲಿಷಿಗೆ ಒಗ್ಗಿದ ನಾಲಿಗೆಯಲ್ಲಿ ತ-ಟ, ದ-ಡ ಒಂದೇ ಆಗಿಬಿಡುತ್ತವೆ. ‘ದಂತ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗಿದೆಯೇ ಎಂದು ಕನ್ನಡಿ ಹಿಡಿದು ತೋರಿಸಿ. ಕೊರತೆಯೆಂದರೆ, ನೂರು ಶ್ಲೋಕ ಬಂದರೂ ನೀರು ಕೇಳಲು ಬರುವುದಿಲ್ಲ.

ಎಂಟು ದಾಟಿ ಅರ್ಥ ಕೇಳುವವರಿಗೆ ಸಂಭಾಷಣೆಯೇ ಸರಿ. ಬೆಂಗಳೂರಿನಲ್ಲಿ 1981ರಲ್ಲಿ ಶುರುವಾದ ಸಂಸ್ಕೃತ ಭಾರತಿ ಎಂಬ ಸಂಸ್ಥೆ ಅಮೆರಿಕದಲ್ಲೂ ಬಾಲಕೇಂದ್ರ, ಅಂದರೆ ಮಕ್ಕಳ ಸಂಸ್ಕೃತ ತರಗತಿ, ನಡೆಸುತ್ತದೆ. ‘ಏತತ್ ಕಿಮ್? ಏತತ್ ಫಲಮ್’ ಎಂದು ವಸ್ತು ತೋರಿಸಿಯೇ ಪಾಠ. ಆದರೆ ವಾರಕ್ಕೊಂದು ತರಗತಿ ಸಾಲದು. ಊಟದ ಹೊತ್ತಿಗೆ ನಾಲ್ಕು ವಾಕ್ಯವಾದರೂ ಆಡದಿದ್ದರೆ ಕಲಿತದ್ದು ಅಳಿಸಿಹೋಗುತ್ತದೆ. ಹೈಸ್ಕೂಲಿನಲ್ಲಿ ವಿದೇಶಿ ಭಾಷೆಯ ಕ್ರೆಡಿಟ್ (ಕಲಿತದ್ದಕ್ಕೆ ಶಾಲೆ ಕೊಡುವ ಮಾನ್ಯತೆ) ಗುರಿಯಾಗಿದ್ದರೆ, ಈ ತರಗತಿಯನ್ನು ಶಾಲೆ ಒಪ್ಪುತ್ತದೆಯೇ ಎಂದು ಸೇರಿಸುವ ಮುನ್ನವೇ ಕೇಳಿ.