ಲೈಬ್ರರಿ, ಮೆಸ್, ದಿನಸಿ ಅಂಗಡಿ, ಪ್ರೈಮರಿ ಸ್ಕೂಲು: ಅಮೆರಿಕದಲ್ಲಿ ಓದುತ್ತಾ ನಾನು ಮಾಡಿದ ನಾಲ್ಕು ಕೆಲಸ

ಕಾಲೇಜಿನಿಂದ ಏಡ್ ಪತ್ರ, ಅಂದರೆ ಓದಿನ ಖರ್ಚಿಗೆ ಯಾವ ನೆರವು ಎಷ್ಟು ಅಂತ ತಿಳಿಸುವ ಪತ್ರ, ಬಂದ ದಿನ ಅಪ್ಪ ಪೆನ್ಸಿಲ್ ಹಿಡಿದು ಕೂತರು. ಗ್ರಾಂಟ್ ಇಷ್ಟು, ಸಾಲ ಇಷ್ಟು, ಅದರ ಕೆಳಗೆ ‘ಫೆಡರಲ್ ವರ್ಕ್-ಸ್ಟಡಿ 2,200 ಡಾಲರ್’. ಎಲ್ಲ ಕಳೆದು, ಉಳಿದದ್ದಕ್ಕೆ ದುಡ್ಡು ಹೊಂದಿಸಿಟ್ಟರು. ಆಗಸ್ಟ್‌ನಲ್ಲಿ ಮೊದಲ ಸೆಮಿಸ್ಟರ್ ಬಿಲ್ ಬಂತು. ನಮ್ಮ ಲೆಕ್ಕಕ್ಕಿಂತ 1,100 ಜಾಸ್ತಿ. ವರ್ಕ್-ಸ್ಟಡಿ ಅಂದರೆ ಬಿಲ್‌ನಲ್ಲಿ ಕಳೆಯುವ ದುಡ್ಡೇ ಅಲ್ಲ. ನಾವೇ ಕೆಲಸ ಹುಡುಕಿ, ಗಂಟೆ ಲೆಕ್ಕದಲ್ಲಿ ದುಡಿದು, ಸಂಬಳವಾಗಿ ತಗೊಳ್ಳಬೇಕು. ಕೆಲಸ ಸಿಗದಿದ್ದರೆ ಅದೂ ಇಲ್ಲ. ಇದನ್ನು ಗ್ರಾಂಟ್ ಪಕ್ಕದಲ್ಲೇ ಅಚ್ಚು ಹಾಕಿದರೆ ಯಾರು ತಾನೇ ಮೋಸ ಹೋಗಲ್ಲ?

ನಾವು ಹಾಸನದವರು. ಸೋದರಮಾವ ಅಮ್ಮನಿಗೆ ಹಾಕಿದ್ದ ಅರ್ಜಿ ಹದಿಮೂರು ವರ್ಷಕ್ಕೆ ಹಣ್ಣಾಯಿತು. ನನ್ನ ಪಿಯುಸಿ ಮುಗಿಯುವ ಹೊತ್ತಿಗೆ ಗ್ರೀನ್ ಕಾರ್ಡ್ ಸಿಕ್ಕಿ ಪೆನ್ಸಿಲ್ವೇನಿಯಾಕ್ಕೆ ಬಂದೆವು. ಅದಿದ್ದದ್ದರಿಂದಲೇ ನಾನು ಫ್ಯಾಫ್ಸಾ (ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ) ತುಂಬಿ ವರ್ಕ್-ಸ್ಟಡಿ ಪಡೆಯೋಕೆ ಆಯಿತು. ಮೈಸೂರಿನಿಂದ ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದ ನನ್ನ ರೂಮ್‌ಮೇಟ್‌ಗೆ ಇದು ಇರಲಿಲ್ಲ. ಅವಳು ಕ್ಯಾಂಪಸ್ ಒಳಗಿನ ಮಾಮೂಲಿ ಕೆಲಸ ಮಾಡಬಹುದಿತ್ತು, ಅದೂ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯೊಳಗೆ.

ಮೊದಲ ಕೆಲಸ ಲೈಬ್ರರಿ ಕೌಂಟರ್, ವರ್ಕ್-ಸ್ಟಡಿ ಲೆಕ್ಕದಲ್ಲಿ, ಗಂಟೆಗೆ 11 ಡಾಲರ್. ಈ ರಾಜ್ಯದಲ್ಲಿ ಕನಿಷ್ಠ ಕೂಲಿ ಇನ್ನೂ 7.25, ಹಾಗಾಗಿ 11 ಕೆಟ್ಟದ್ದೇನಲ್ಲ. ಕೆಲಸವೂ ಸುಲಭವಾಗಿ ಸಿಕ್ಕಿತು. ಈ ಯೋಜನೆಯಲ್ಲಿ ಸಂಬಳದ ಶೇ. 75ರವರೆಗೆ ಫೆಡರಲ್ ಸರ್ಕಾರವೇ ಕೊಡುತ್ತದೆ, ಕೆಲಸ ಕೊಡುವವರಿಗೆ ನಾವು ಅಗ್ಗದ ಆಳು. ಹಿಂದಿರುಗಿಸಿದ ಪುಸ್ತಕ ಸ್ಕ್ಯಾನ್ ಮಾಡು, ತಳ್ಳುಗಾಡಿಯಲ್ಲಿ ನಂಬರ್ ಪ್ರಕಾರ ಜೋಡಿಸು, ಅಷ್ಟೇ. ರಾತ್ರಿ ಒಂಬತ್ತರ ಮೇಲೆ ಯಾರೂ ಬರುತ್ತಿರಲಿಲ್ಲ. ಅಕೌಂಟಿಂಗ್ ಹೋಂವರ್ಕ್ ಪೂರ್ತಿ ಆ ಕೌಂಟರ್‌ನಲ್ಲೇ ಮುಗಿಯುತ್ತಿತ್ತು. ಓದುವುದಕ್ಕೇ ಸಂಬಳ ಕೊಟ್ಟ ಹಾಗೆ.

ಆದರೆ ಮಾರ್ಚ್ ಮೊದಲ ವಾರದಲ್ಲಿ ಸೂಪರ್‌ವೈಸರ್ ಕರೆದು, ‘ನಿನ್ನ ದುಡ್ಡು ಮುಗಿಯಿತು’ ಅಂದರು. 2,200ನ್ನು 11ರಿಂದ ಭಾಗಿಸಿದರೆ 200 ಗಂಟೆ. ಎರಡು ಸೆಮಿಸ್ಟರ್‌ನ 30 ವಾರಕ್ಕೆ ಹಂಚಿದರೆ ವಾರಕ್ಕೆ ಏಳು ಗಂಟೆಯೂ ಇಲ್ಲ. ನಾನು ಹತ್ತು ಗಂಟೆ ಮಾಡುತ್ತಿದ್ದೆ. ಈ ಭಾಗಾಕಾರ ಸೆಪ್ಟೆಂಬರ್‌ನಲ್ಲೇ ಮಾಡಬೇಕಿತ್ತು. ಕೆಲವು ವಿಭಾಗಗಳು ಮಿತಿ ಮುಗಿದ ಮೇಲೆ ತಮ್ಮ ಕೈಯಿಂದ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತವೆ. ನಮ್ಮಲ್ಲಿ ಇಟ್ಟುಕೊಳ್ಳಲಿಲ್ಲ.

ಉಳಿದ ತಿಂಗಳುಗಳಿಗೆ ಡೈನಿಂಗ್ ಹಾಲ್, ಅಂದರೆ ನಮ್ಮ ಭಾಷೆಯಲ್ಲಿ ಮೆಸ್, ಸೇರಿದೆ. ರೂಮ್‌ಮೇಟ್ ಮೊದಲೇ ಅಲ್ಲಿದ್ದಳು. ಇದು ವರ್ಕ್-ಸ್ಟಡಿ ಅಲ್ಲ, ಹಾಗಾಗಿ ಆ ಮಿತಿಯ ಕಾಟವಿಲ್ಲ. ಗಂಟೆಗೆ 12, ಪಾಳಿಗೆ ಒಂದು ಊಟ ಪುಕ್ಕಟೆ. ತಟ್ಟೆ ತೊಳೆಯುವ ಮೆಷಿನ್ ಹತ್ತಿರ ನಿಂತರೆ ಹಬೆಗೆ ಕನ್ನಡಕ ಮಂಜಾಗಿ ಏನೂ ಕಾಣುತ್ತಿರಲಿಲ್ಲ. ರೂಮಿಗೆ ಬಂದರೆ ಪುಸ್ತಕ ತೆಗೆಯುವ ಮನಸ್ಸಿರದು, ಸೀದಾ ಹಾಸಿಗೆ. ದುಡ್ಡು ಬೇಕಾದಾಗ ಒಳ್ಳೆಯದು, ಪರೀಕ್ಷೆ ವಾರದಲ್ಲಿ ಬೇಡ.

ಎರಡನೇ ವರ್ಷ ದುರಾಸೆ. ಊರಾಚೆ ಇಂಡಿಯನ್ ದಿನಸಿ ಅಂಗಡಿಯಲ್ಲಿ ಗಂಟೆಗೆ 14 ಅಂದರು. ನೋಡೋಕೆ ಇದೇ ದೊಡ್ಡದು. ಆದರೆ ಓದುವ ಕಾಲೇಜಿನಲ್ಲೇ ಕೆಲಸ ಮಾಡುವ ವಿದ್ಯಾರ್ಥಿಗೆ ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಕಡಿತ ಸಾಮಾನ್ಯವಾಗಿ ಇರುವುದಿಲ್ಲ, ಹೊರಗೆ ಶೇ. 7.65 ಹಿಡಿಯುತ್ತಾರೆ. ಕೈಗೆ ಸಿಕ್ಕಿದ್ದು 12.93. ಹೋಗೋಕೆ 40 ನಿಮಿಷ, ಬರೋಕೆ 40 ನಿಮಿಷ. ನಾಲ್ಕು ಗಂಟೆ ಪಾಳಿಗೆ ಇದನ್ನೂ ಸೇರಿಸಿದರೆ ಗಂಟೆಗೆ 9.70 ಬಿತ್ತು. ಬಸ್ ಚಾರ್ಜ್ ಬೇರೆ. (ರಾಜ್ಯದ ತೆರಿಗೆ ಎಲ್ಲ ಕೆಲಸಕ್ಕೂ ಒಂದೇ, ಅದನ್ನು ಹಿಡಿದಿಲ್ಲ.) ಲಾಭ ಅಂದರೆ ಹಿತ್ಕಿದ ಅವರೆಕಾಳಿನ ಪ್ಯಾಕೆಟ್ ಬಂದ ದಿನ ಮೊದಲು ಗೊತ್ತಾಗುತ್ತಿತ್ತು. ಎಫ್-1ನವರು ಮಾತ್ರ ಇಂಥ ಅಂಗಡಿ ಕೆಲಸದ ಕಡೆ ತಲೆ ಹಾಕಬೇಡಿ, ನಗದು ಕೊಡ್ತೀವಿ ಅಂದರೂ. ಅನುಮತಿ ಇಲ್ಲದೆ ದುಡಿದದ್ದು ಗೊತ್ತಾದರೆ ವೀಸಾಕ್ಕೇ ಕುತ್ತು.

ಮತ್ತೆ ವರ್ಕ್-ಸ್ಟಡಿಗೇ ಬಂದೆ. ಈ ಸಲ ಸರ್ಕಾರಿ ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳಿಗೆ ಓದು ಕಲಿಸುವುದು, ಗಂಟೆಗೆ 12. ಇಂಥ ಕೆಲಸಕ್ಕೆ ಪೂರ್ತಿ ಸಂಬಳವನ್ನೂ ಫೆಡರಲ್ ಸರ್ಕಾರವೇ ಕೊಡಬಹುದು. ಸೇರುವ ಮೊದಲು ರಾಜ್ಯ ಪೊಲೀಸರದು, ಮಕ್ಕಳ ರಕ್ಷಣೆಯದು, ಎಫ್‌ಬಿಐ ಬೆರಳಚ್ಚಿನದು ಎಂದು ಮೂರು ಕ್ಲಿಯರೆನ್ಸ್ ಬೇಕು. ಅದರಲ್ಲೇ ಒಂದು ತಿಂಗಳು ಹೋಯಿತು. ಮೊದಲ ವಾರ ಒಬ್ಬ ಹುಡುಗ ‘ನೈಟ್’ (knight, ಹಳೇ ಕಾಲದ ಕುದುರೆ ಸವಾರ ಯೋಧ) ಪದದ ಮೇಲೆ ಬೆರಳಿಟ್ಟು, ‘ಈ ಕೆ ಯಾಕಿದೆ, ಏನೂ ಹೇಳೋದೇ ಇಲ್ವಲ್ಲ?’ ಎಂದು ಕೇಳಿದ. ಬರೆದ ಹಾಗೆ ಓದುವ ಭಾಷೆಯಿಂದ ಬಂದ ನನಗೂ ಆ ಸಿಟ್ಟು ಇತ್ತು. ಇಬ್ಬರೂ ಸೇರಿ ಸುಮ್ನೆ ಕೂತ ಅಕ್ಷರಗಳ ಪಟ್ಟಿ ಮಾಡಿದೆವು. ನಾಲ್ಕರಲ್ಲಿ ನಾನು ಬಿಡದೆ ಮಾಡಿದ್ದು ಇದೊಂದನ್ನೇ. ಆದರೆ ಮೊದಲ ವರ್ಷದವರಿಗೆ ಲೈಬ್ರರಿಯೇ ಸರಿ.

ಇನ್ನೊಂದು ಮಾತು. ವರ್ಕ್-ಸ್ಟಡಿ ಸಂಬಳವನ್ನು ಮುಂದಿನ ಫ್ಯಾಫ್ಸಾದಲ್ಲಿ ನಿಮ್ಮ ಆದಾಯ ಅಂತ ಹಿಡಿಯುವುದಿಲ್ಲ. ಎಲ್ಲರೂ ಇದನ್ನೇ ದೊಡ್ಡ ಲಾಭ ಅಂತಾರೆ. ನನಗೆ ಅದರಿಂದ ಒಂದು ಡಾಲರ್ ವ್ಯತ್ಯಾಸವೂ ಆಗಲಿಲ್ಲ. 2024–25ರ ಲೆಕ್ಕದಲ್ಲಿ, ತಂದೆ-ತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಯ ಆದಾಯದಲ್ಲಿ 11,130 ಡಾಲರ್ ಹೇಗೂ ಬಿಟ್ಟುಬಿಡುತ್ತಿದ್ದರು. ನಾನು ಯಾವ ವರ್ಷವೂ ಅಷ್ಟು ದುಡಿದಿಲ್ಲ.

ಈಗ ತಮ್ಮನ ಸರದಿ. ಮೊನ್ನೆ ಅವನಿಗೂ ಏಡ್ ಪತ್ರ ಬಂತು. ನಾನು ಫೋನ್ ಮಾಡುವಷ್ಟರಲ್ಲಿ ಅಪ್ಪ ವರ್ಕ್-ಸ್ಟಡಿ ಸಾಲಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಮುಗಿಸಿದ್ದರು.