ಒತ್ತಕ್ಷರಕ್ಕೆ ಯಾವ ಸ್ವಿಚ್? ಬ್ಲೂ, ರೆಡ್, ಬ್ರೌನ್ ಮೂರನ್ನೂ ಬಳಸಿ ನೋಡಿದೆ

ಮೆಕ್ಯಾನಿಕಲ್ ಕೀಬೋರ್ಡ್ ಬಗ್ಗೆ ನಾನು ನೋಡಿದ ವಿಡಿಯೋಗಳೆಲ್ಲ ಇಂಗ್ಲಿಷ್ ಟೈಪ್ ಮಾಡುವವರದ್ದು, ಇಲ್ಲವೇ ಗೇಮ್ ಆಡುವವರದ್ದು. ನನ್ನ ಕೆಲಸ ಕನ್ನಡ ಟೈಪಿಂಗ್. ದಿನಕ್ಕೆ ಆರು ಗಂಟೆಯಾದರೂ ಕೀಬೋರ್ಡ್ ಮುಂದೆ ಇರುತ್ತೇನೆ. ಬಳಸುವುದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ (ಯಾವ ಕೀಗೆ ಯಾವ ಕನ್ನಡ ಅಕ್ಷರ ಅನ್ನುವ ಜೋಡಣೆ), ಅಂದರೆ ನುಡಿ ಸಾಫ್ಟ್‌ವೇರ್‌ನಲ್ಲಿ ಇರುವುದೇ.

ಈ ವಿನ್ಯಾಸದಲ್ಲಿ ಎರಡು ಕೀಗಳಿಗೆ ದುಡಿಮೆ ಜಾಸ್ತಿ. ಒಂದು ಎಫ್, ಇನ್ನೊಂದು ಶಿಫ್ಟ್. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ದೀರ್ಘ ಸ್ವರ, ಮಹಾಪ್ರಾಣ, ಸೊನ್ನೆ ಇವಕ್ಕೆಲ್ಲ ಶಿಫ್ಟ್ ಬೇಕು. 'ಸ್ವಾತಂತ್ರ್ಯ' ಅಂತ ಬರೆದು ನೋಡಿ. ಅಕ್ಷರದ ಕೀಗಳೇ 11 ಸಲ, ಅದರಲ್ಲಿ ಎಫ್ ಮೂರು ಸಲ. ಜೊತೆಗೆ ಶಿಫ್ಟ್ ಎರಡು ಸಲ. ಹಾಗಾಗಿ ನನಗೆ ಕೀಬೋರ್ಡ್ ಚೆನ್ನಾಗಿದೆಯಾ ಅಂತ ತಿಳಿಯುವುದು ಈ ಎರಡು ಕೀಗಳಲ್ಲೇ.

ಮೊದಲು ಇದ್ದದ್ದು ಮಾಮೂಲಿ ಮೆಂಬ್ರೇನ್ ಕೀಬೋರ್ಡ್. ಅದರಲ್ಲಿ ಕೀ ಕೆಳಗೆ ರಬ್ಬರಿನ ಗುಮ್ಮಟ ಇರುತ್ತದೆ. ಅದು ಪೂರ್ತಿ ಕುಸಿದ ಮೇಲೇ ಅಕ್ಷರ ಮೂಡುವುದು. ವರ್ಷ ಕಳೆಯುವಷ್ಟರಲ್ಲಿ ಎಫ್ ಮೆತ್ತಗಾಯಿತು. ಒತ್ತಿದೆನೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. 'ಅಕ್ಕ' ಅಂತ ಬರೆದರೆ 'ಅಕಕ' ಆಗುತ್ತಿತ್ತು. ತಿದ್ದುವುದೇ ಒಂದು ಕೆಲಸವಾಯಿತು. ಸಂಜೆ ಹೊತ್ತಿಗೆ ಎಡಗೈ ತೋರುಬೆರಳು ನೋಯುತ್ತಿತ್ತು.

ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಅದರದ್ದೇ ಸ್ಪ್ರಿಂಗ್, ಅದರದ್ದೇ ಸ್ವಿಚ್. ಬ್ಲೂ, ರೆಡ್, ಬ್ರೌನ್ ಅನ್ನುವುದು ಈ ಸ್ವಿಚ್‌ನ ಬಗೆಗಳಿಗೆ ಇರುವ ಬಣ್ಣದ ಹೆಸರು. ಚೆರ್ರಿ ಕಂಪನಿಯ ಮಾದರಿಯ ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆ. ಆದರೆ ಸುಮಾರು 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡಿರುತ್ತದೆ. ತಳ ಮುಟ್ಟುವಂತೆ ಗುದ್ದಬೇಕಿಲ್ಲ. ನೋವು ಕಡಿಮೆಯಾದದ್ದು ಇದರಿಂದಲೇ ಅಂತ ನನ್ನ ಅನುಭವ.

ಮೊದಲು ತಂದ ಮೆಕ್ಯಾನಿಕಲ್ ಕೀಬೋರ್ಡ್ ಟಿವಿಎಸ್ ಗೋಲ್ಡ್. ಡಿಟಿಪಿ ಅಂಗಡಿಗಳಲ್ಲಿ, ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಇದರ ಟಕಟಕ ಸದ್ದು ಕೇಳದವರು ಕಡಿಮೆ. ನನಗೆ ಸಿಕ್ಕಿದ್ದು ಚೆರ್ರಿ ಬ್ಲೂ ಸ್ವಿಚ್ ಇರುವ, ಬೇರೆಯವರು ಬಳಸಿ ಬಿಟ್ಟದ್ದು. ಬ್ಲೂ ಸ್ವಿಚ್ ಒತ್ತಲು 60 ಗ್ರಾಂ ಆಸುಪಾಸಿನ ಬಲ ಬೇಕು. ಅಕ್ಷರ ಮೂಡುವ ಜಾಗದಲ್ಲೇ ಟಿಕ್ ಅನ್ನುತ್ತದೆ. ಬೆರಳಿಗೂ ತಿಳಿಯುತ್ತದೆ, ಕಿವಿಗೂ ತಿಳಿಯುತ್ತದೆ. ಒತ್ತಕ್ಷರದ ಮಟ್ಟಿಗೆ ಇದಕ್ಕಿಂತ ಸುಖ ನಾನು ಕಂಡಿಲ್ಲ. ಕ, ಎಫ್, ಕ. ಮೂರು ಟಿಕ್ ಕೇಳಿಸಿದರೆ ಪರದೆ ನೋಡಬೇಕಾಗಿಲ್ಲ, ಅಕ್ಷರ ಸರಿಯಾಗಿಯೇ ಬಂದಿರುತ್ತದೆ. ತಪ್ಪು ತುಂಬಾ ಕಡಿಮೆಯಾಯಿತು.

ಆದರೆ ಬ್ಲೂ ಸ್ವಿಚ್ ಯಾವ ಕಂಪನಿಯದ್ದಾದರೂ ಸದ್ದು ಸದ್ದೇ. ನಮ್ಮದು ಎರಡು ಕೋಣೆಯ ಮನೆ. ರಾತ್ರಿ ಹತ್ತರ ಮೇಲೆ ನಾನು ಕೂತರೆ ಮಗಳು ಎದ್ದು ಬರುತ್ತಿದ್ದಳು. ಕೀಕ್ಯಾಪ್, ಅಂದರೆ ಬೆರಳು ತಾಗುವ ಮೇಲಿನ ಟೊಪ್ಪಿ, ಅದರ ಒಳಗೆ ರಬ್ಬರ್ ಉಂಗುರ ಹಾಕಿ ನೋಡಿದೆ. ತಳ ಬಡಿಯುವ ಸದ್ದು ಇಳಿಯಿತು, ಟಿಕ್ ಹಾಗೇ ಉಳಿಯಿತು. ಆ ಟಿಕ್ ಹುಟ್ಟುವುದು ಸ್ವಿಚ್ ಒಳಗೆ ಅಲ್ವಾ, ಉಂಗುರ ಏನು ಮಾಡೀತು?

ರೆಡ್ ಸ್ವಿಚ್ ನೋಡಿದ್ದು ಗೆಳೆಯನ ಗೇಮಿಂಗ್ ಕೀಬೋರ್ಡ್‌ನಲ್ಲಿ. ಎರಡು ವಾರ ಬಳಸಿದೆ. ಬಲ ಸುಮಾರು 45 ಗ್ರಾಂ. ನಡುವೆ ತಡೆ ಇಲ್ಲ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ. ಸದ್ದೂ ಕಡಿಮೆ. ಇದೇ ಸರಿ ಅಂದುಕೊಂಡೆ. ಎರಡನೇ ದಿನ ತೊಂದರೆ ಗೊತ್ತಾಯಿತು. ಟೈಪ್ ಕಲಿತವರ ಎಡ ತೋರುಬೆರಳು ವಿಶ್ರಾಂತಿಗೆ ಕೂರುವುದೇ ಎಫ್ ಮೇಲೆ. ಇಂಗ್ಲಿಷ್‌ನಲ್ಲಿ ಬೆರಳು ತೂಕ ಬಿಟ್ಟರೆ ಒಂದು ಎಫ್ ಜಾಸ್ತಿ ಬೀಳುತ್ತದೆ, ಕಣ್ಣಿಗೆ ಕೂಡಲೇ ಬೀಳುತ್ತದೆ. ಕನ್ನಡದಲ್ಲಿ ಹಾಗಲ್ಲ. ಎರಡು ಅಕ್ಷರ ಅಂಟಿಕೊಂಡುಬಿಡುತ್ತವೆ. 'ಮನೆ' ಹೋಗಿ 'ಮ್ನೆ', 'ಕರೆ' ಹೋಗಿ 'ಕ್ರೆ'. ಪ್ರೂಫ್ ನೋಡುವಾಗಲೂ ಕೆಲವು ಕಣ್ತಪ್ಪಿ ಹೋದವು. ಇಂಗ್ಲಿಷ್ ಬರೆಯುವವರಿಗೆ ರೆಡ್ ಹಿಡಿಸಬಹುದು. ಎಫ್ ಅನ್ನು ಒತ್ತಕ್ಷರಕ್ಕೆ ಬಳಸುವವರಿಗೆ ನಾನು ಬೇಡ ಅನ್ನುತ್ತೇನೆ.

ಕೊನೆಗೆ ಕೊಂಡದ್ದು ಕೀಕ್ರಾನ್ ಕಂಪನಿಯ ವಿ3 ಕೀಬೋರ್ಡ್, ಬ್ರೌನ್ ಸ್ವಿಚ್ ಇರುವುದು. ಬ್ರೌನ್‌ನಲ್ಲಿ ನಡುವೆ ಸಣ್ಣ ಉಬ್ಬು ಸಿಗುತ್ತದೆ, ಟಿಕ್ ಇಲ್ಲ. ಬ್ಲೂನಷ್ಟು ಖಚಿತ ಅಲ್ಲ, ರೆಡ್‌ನಷ್ಟು ಜಾರುವುದೂ ಇಲ್ಲ. ಬೆರಳು ಸುಮ್ನೆ ಮೇಲೆ ಕೂತರೆ ಆ ಉಬ್ಬು ತಡೆಯುತ್ತದೆ. ಮಗಳ ನಿದ್ದೆ ಕೆಡುವುದಿಲ್ಲ. ಶಿಫ್ಟ್ ಕೂಡ ಹಗುರ. ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ: ಉದ್ದನೆಯ ಶಿಫ್ಟ್ ಕೀಯ ಒಂದು ತುದಿಯನ್ನು ಮಾತ್ರ ಒತ್ತಿ. ಇಡೀ ಕೀ ಸಮನಾಗಿ ಇಳಿಯಬೇಕು, ಕಡಕಡ ಅನ್ನಬಾರದು. ನಾವು ಶಿಫ್ಟ್ ಒತ್ತುವುದು ಯಾವಾಗಲೂ ಕಿರುಬೆರಳಿನಿಂದ, ಅದೂ ಅಂಚಿನಲ್ಲಿ.

ಕೀಕ್ಯಾಪ್ ಪಿಬಿಟಿ ಪ್ಲಾಸ್ಟಿಕ್‌ನದ್ದು ಇರಲಿ. ಎಬಿಎಸ್ ಆದರೆ ಬೇಗ ನುಣುಪಾಗಿ ಹೊಳೆಯುತ್ತದೆ. ನನ್ನ ಹಳೆಯ ಕೀಬೋರ್ಡ್‌ಗಳಲ್ಲೆಲ್ಲ ಮೊದಲು ಹೊಳೆದದ್ದು ಎಫ್. ಕನ್ನಡ ಅಕ್ಷರ ಮುದ್ರಿಸಿಲ್ಲ ಅನ್ನುವ ಚಿಂತೆ ಬೇಡ. ವಿನ್ಯಾಸ ಇರುವುದು ಸಾಫ್ಟ್‌ವೇರ್‌ನಲ್ಲಿ, ಯಾವ ಕೀಬೋರ್ಡ್ ಆದರೂ ನಡೆಯುತ್ತದೆ. ವಿ3ಯಲ್ಲಿ ಬಲಗಡೆಯ ಅಂಕಿ ಕೀಗಳಿಲ್ಲ. ಲೆಕ್ಕಪತ್ರ ಬರೆಯುವವರು ಪೂರ್ತಿ ಅಳತೆಯದ್ದೇ ಕೊಳ್ಳಲಿ. ಮೆಕ್ಯಾನಿಕಲ್ ಕೀಬೋರ್ಡ್ ಎತ್ತರ ಜಾಸ್ತಿ, ನಾನು ಮಣಿಕಟ್ಟಿನ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಳ್ಳುತ್ತೇನೆ.

ಈ ಬೋರ್ಡ್ ಹಾಟ್-ಸ್ವಾಪ್. ಬೆಸುಗೆ ಬಿಡಿಸದೆಯೇ ಸ್ವಿಚ್ ಕಿತ್ತು ಬೇರೆ ಹಾಕಬಹುದು. ಬ್ಲೂ ಸ್ವಿಚ್‌ನ ಸುಖ ನನಗೆ ಮರೆತಿರಲಿಲ್ಲ. ಒಂದೇ ಒಂದು ಬ್ಲೂ ಸ್ವಿಚ್ ತಂದು ಎಫ್ ಕೆಳಗೆ ಹಾಕಿದೆ. ಉಳಿದ 86 ಕೀಗಳು ಬ್ರೌನ್. ಈಗ ಒತ್ತಕ್ಷರ ಬಂದಾಗ ಮಾತ್ರ ಟಿಕ್ ಅನ್ನುತ್ತದೆ. ಮೊನ್ನೆ ಮಗಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ನಾನು 'ಅಜ್ಜಿ' ಅಂತ ಬರೆದೆ, ಒಂದು ಟಿಕ್. 'ರಾಷ್ಟ್ರ' ಬರೆದೆ, ಎರಡು.